ಲಿವರ್ ಮಾಡಿದ ಮಾತ್ರೆ

ತಲೆನೋವಿನ ಪುಡಿ ತಿಂದವರ ತುಟಿ ನೀಲಿಯಾಗುತ್ತಿತ್ತು. ಉಗುರಿನ ಬುಡವೂ ನೀಲಿ. ಸೂಜಿ ಚುಚ್ಚಿ ರಕ್ತ ತೆಗೆದರೆ ಅದು ಕೆಂಪಗಿರದೆ ಚಾಕೊಲೇಟಿನ ಹಾಗೆ ಕಂದಾಗಿರುತ್ತಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿನ ಅಮೆರಿಕದಲ್ಲಿ ವೈದ್ಯರಿಗೆ ಇದು ಪರಿಚಿತ ದೃಶ್ಯ. ಆಸ್ಪಿರಿನ್ ಇಲ್ಲದ ನೋವಿನ ಪುಡಿಗಳು ಚೀಟಿ ಗೀಟಿ ಏನೂ ಇಲ್ಲದೆ ಅಂಗಡಿಯಲ್ಲಿ ಸಿಗುತ್ತಿದ್ದವು. ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಬ್ರೋಮೋ-ಸೆಲ್ಟ್‌ಜರ್ ಅವುಗಳಲ್ಲೊಂದು. ತಲೆ ನೋಯಲಿ ಬಿಡಲಿ, ದಿನವೂ ಒಂದು ಲೋಟ ಕುಡಿಯದಿದ್ದರೆ ಆಗುವುದಿಲ್ಲ ಎನ್ನುವಷ್ಟು ರೂಢಿ ಮಾಡಿಕೊಂಡವರಿದ್ದರು. ಅಂಥವರ ಹಿಮೋಗ್ಲೋಬಿನ್‌ನ ಒಂದಂಶ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಬಿಡುತ್ತಿತ್ತು. ವೈದ್ಯರು ಅದಕ್ಕಿಟ್ಟ ಹೆಸರು ಮೆಥಿಮೋಗ್ಲೋಬಿನ್.

ಆ ಪುಡಿಗಳೊಳಗಿದ್ದ ಮುಖ್ಯ ಮದ್ದು ಅಸೆಟನಿಲೈಡ್. ಅದು ಔಷಧಿಯಾದದ್ದೇ ಒಂದು ಎಡವಟ್ಟಿನಿಂದ.

1886ರಲ್ಲಿ, ಆಗ ಜರ್ಮನಿಯ ಕೈಯಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಆರ್ನಾಲ್ಡ್ ಕಾನ್ ಮತ್ತು ಪಾಲ್ ಹೆಪ್ ಎಂಬ ಇಬ್ಬರು ಎಳೆಯ ವೈದ್ಯರು ಹೊಟ್ಟೆಹುಳುವಿನ ರೋಗಿಗಳಿಗೆ ನ್ಯಾಫ್ತಲೀನ್ ಕೊಟ್ಟು ನೋಡುತ್ತಿದ್ದರು. ಹೌದು, ನಾವು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಗೆ ಇಡುವ ನುಸಿಗುಳಿಗೆಯದೇ ವಸ್ತು. ಒಬ್ಬ ರೋಗಿಯ ಹುಳು ಹೋಗಲಿಲ್ಲ, ಜ್ವರ ಮಾತ್ರ ಸರ್ರನೆ ಇಳಿಯಿತು. ಬಾಟಲಿ ಮೂಸಿ ನೋಡಿದರೆ ನುಸಿಗುಳಿಗೆಯ ವಾಸನೆಯೇ ಇಲ್ಲ. ಔಷಧಿ ಅಂಗಡಿಯವರು ಹೆಸರು ತಪ್ಪಿ ಬೇರೇನನ್ನೋ ಕೊಟ್ಟಿದ್ದರು. ಅದು ಬಣ್ಣದ ಕಾರ್ಖಾನೆಗಳು ಬಳಸುತ್ತಿದ್ದ ಅಸೆಟನಿಲೈಡ್ ಎಂದು ಆಮೇಲೆ ತಿಳಿಯಿತು. ಕೆಲವೇ ತಿಂಗಳಲ್ಲಿ ಅದು 'ಆಂಟಿಫೆಬ್ರಿನ್' ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅಗ್ಗದ ಮಾಲು, ಚೆನ್ನಾಗಿ ಓಡಿತು.

ಲಾಭ ಕಂಡ ಬಾಯರ್ ಕಂಪನಿ ಮರುವರ್ಷವೇ ಅದರ ದಾಯಾದಿಯಂಥ ಫೆನಾಸೆಟಿನ್ ಅನ್ನು ತಂದಿತು. ಇದೇ ಮನೆತನದ ಮೂರನೆಯ ವಸ್ತುವೊಂದೂ ಇತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹಾರ್ಮನ್ ಮೋರ್ಸ್ 1878ರಲ್ಲೇ ಅದನ್ನು ತಯಾರಿಸಿ ಸುಮ್ಮನಾಗಿದ್ದ. ಜರ್ಮನಿಯ ಯೋಸೆಫ್ ಫಾನ್ ಮೆರಿಂಗ್ 1893ರಲ್ಲಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ, ಇದೂ ರಕ್ತ ಕೆಡಿಸುತ್ತದೆ, ಫೆನಾಸೆಟಿನ್ನೇ ವಾಸಿ ಎಂದು ಬರೆದ. ಅವನ ಕೈಗೆ ಸಿಕ್ಕಿದ್ದ ಪುಡಿಯಲ್ಲಿ ಕಲಬೆರಕೆ ಇದ್ದಿರಬೇಕೆಂದು ಈಗಿನವರ ಊಹೆ. ಏನೇ ಇರಲಿ, ಆ ಒಂದು ಮಾತಿಗೆ ಮೂರನೆಯ ವಸ್ತು ಅರ್ಧ ಶತಮಾನ ಮೂಲೆ ಸೇರಿತು. ಅದರ ಹೆಸರು ಪ್ಯಾರಾಸಿಟಮಾಲ್.

ಹೀಗೆ ಮೂಲೆಗೆ ಹೋದದ್ದನ್ನು ಹೊರಗೆಳೆದದ್ದು ಯಾವ ಕಂಪನಿಯೂ ಅಲ್ಲ. ನೀಲಿ ತುಟಿಯ ಕಾರಣ ಹುಡುಕಹೊರಟ ಇಬ್ಬರು, ಅದನ್ನು ಮನುಷ್ಯರ ಮೈಯೊಳಗೇ ಕಂಡರು.

ಇಬ್ಬರಲ್ಲಿ ಕಿರಿಯವನು ಜೂಲಿಯಸ್ ಆಕ್ಸೆಲ್‌ರಾಡ್. ಪೋಲೆಂಡ್ ಕಡೆಯಿಂದ ವಲಸೆ ಬಂದು ನ್ಯೂಯಾರ್ಕಿನ ಬಡ ಯಹೂದಿ ಕೇರಿಯಲ್ಲಿ ನೆಲೆಸಿದ, ಬುಟ್ಟಿ ಹೆಣೆಯುವವನ ಮಗ. ಡಾಕ್ಟರಾಗಬೇಕೆಂದು ಹಂಬಲಿಸಿದ, ಯಾವ ಮೆಡಿಕಲ್ ಕಾಲೇಜೂ ಸೇರಿಸಿಕೊಳ್ಳಲಿಲ್ಲ. ಆಹಾರಕ್ಕೆ ಬೆರೆಸುವ ವಿಟಮಿನ್‌ಗಳನ್ನು ಅಳೆಯುವ ಪ್ರಯೋಗಾಲಯವೊಂದರಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದ. ಅಮೋನಿಯಾ ಬಾಟಲಿ ಸಿಡಿದು ಎಡಗಣ್ಣು ಹೋಯಿತು. ರಾತ್ರಿ ತರಗತಿಗೆ ಹೋಗಿ ಎಂ.ಎಸ್ಸಿ. ಮಟ್ಟದ ಪದವಿ ಮಾಡಿಕೊಂಡ. 33 ವಯಸ್ಸಾದರೂ ಸಂಶೋಧನೆ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಜೀವನ ಹೀಗೇ ಅಳತೆ ಮಾಡುತ್ತ ಕಳೆಯಿತು ಎಂದುಕೊಂಡಿದ್ದ.

ಹಿರಿಯವನು ಬರ್ನಾರ್ಡ್ ಬ್ರೋಡಿ. ರಾತ್ರಿ ಹೊತ್ತು ಚುರುಕಾಗುವ, ಜೂಜುಗಾರನ ಧೈರ್ಯದ ಮನುಷ್ಯ. ಯುದ್ಧದ ಕಾಲದಲ್ಲಿ ಜಾವಾ ದ್ವೀಪ ಜಪಾನಿನ ವಶವಾಗಿ ಕ್ವಿನೈನ್ ಸಿಗದೇ ಹೋದಾಗ, ಪೆಸಿಫಿಕ್‌ನಲ್ಲಿ ಮಲೇರಿಯಾ ಹಿಡಿದ ಅಮೆರಿಕನ್ ಸೈನಿಕರಿಗೆ ಅಟಾಬ್ರಿನ್ ಎಂಬ ಹಳದಿ ಮಾತ್ರೆಯನ್ನೇ ನೆಚ್ಚಬೇಕಾಯಿತು. ಅದು ವಾಂತಿ ಬರಿಸುತ್ತಿತ್ತು, ಮೈ ಹಳದಿ ಮಾಡುತ್ತಿತ್ತು, ಮಲೇರಿಯಾಕ್ಕೆ ಮಾತ್ರ ಬೇಗ ನಾಟುತ್ತಿರಲಿಲ್ಲ. ನ್ಯೂಯಾರ್ಕಿನ ಈಸ್ಟ್ ನದಿಯ ನಡುಗಡ್ಡೆಯ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಬ್ರೋಡಿಯ ತಂಡ, ಮಾತ್ರೆ ನುಂಗಿದವರ ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಅಳೆಯುವ ದಾರಿ ಕಂಡುಹಿಡಿಯಿತು. ಮದ್ದು ರಕ್ತದಲ್ಲಿ ನಿಲ್ಲದೆ ಸ್ನಾಯುಗಳಲ್ಲಿ, ಲಿವರಿನಲ್ಲಿ ಹೋಗಿ ಅಡಗುತ್ತಿತ್ತು. ಮೊದಲ ದಿನವೇ ಭಾರೀ ಪ್ರಮಾಣ ಕೊಟ್ಟು, ಆಮೇಲೆ ಚೂರು ಚೂರು ಕೊಟ್ಟರೆ ಸಾಕು ಎಂದು ಗೊತ್ತಾಯಿತು. ಇಷ್ಟು ಮಿಲಿಗ್ರಾಂ ಕೊಟ್ಟೆ ಎನ್ನುವುದರಲ್ಲಿ ಏನೂ ಇಲ್ಲ, ಮೈ ಅದನ್ನು ಏನು ಮಾಡಿತು ಎಂಬುದೇ ಲೆಕ್ಕ. ಇದು ಬ್ರೋಡಿ ಅಲ್ಲಿ ಕಲಿತ ಪಾಠ.

ಆಕ್ಸೆಲ್‌ರಾಡ್ ಇವನನ್ನು ಮೊದಲು ಕಂಡದ್ದು 1946ರ ಫೆಬ್ರವರಿ 12ರಂದು, ಲಿಂಕನ್ ಜಯಂತಿಯ ದಿನ. ನೋವಿನ ಪುಡಿ ಮಾರುವ ಕಂಪನಿಗಳ ಸಂಸ್ಥೆಯೊಂದು, ನೀಲಿ ತುಟಿಯ ಕಾರಣ ಕಂಡುಹಿಡಿಯಿರಿ ಎಂದು ಆಕ್ಸೆಲ್‌ರಾಡನ ಪ್ರಯೋಗಾಲಯಕ್ಕೆ ಹಣ ಕೊಟ್ಟಿತ್ತು. ಎಲ್ಲಿಂದ ಶುರು ಮಾಡಬೇಕೆಂದು ತೋಚದೆ ಸಲಹೆ ಕೇಳಲು ಹೋಗಿದ್ದ. ಬ್ರೋಡಿ ಹೇಳಿದ್ದು ಇಷ್ಟೇ: ಅಸೆಟನಿಲೈಡಿನ ರಚನೆಯನ್ನು ಬರಿ, ಮೈಯೊಳಗೆ ಹೋದರೆ ಇದು ಏನೇನಾಗಬಹುದು ಯೋಚಿಸು.

ಆ ರಚನೆ ಬಹಳ ಸರಳ. ಆರು ಮೂಲೆಯ ಒಂದು ಉಂಗುರ, ಒಂದು ಮೂಲೆಗೆ ಬಾಲ. ಬಾಲದ ತುದಿ ಕತ್ತರಿಸಿದರೆ ಉಳಿಯುವುದು ಅನಿಲಿನ್. ಬಣ್ಣದ ಕಾರ್ಖಾನೆಗಳಲ್ಲಿ ಅನಿಲಿನ್ ಮೈಗೆ ತಗಲಿದ ಕೂಲಿಯವರ ತುಟಿ ನೀಲಿಯಾಗುವುದು ಹಳೆಯ ಸಂಗತಿ. ಹಾಗಾದರೆ ಪುಡಿ ತಿಂದವರ ಮೈಯಲ್ಲೂ ಅನಿಲಿನ್ ಹುಟ್ಟುತ್ತಿದೆಯೇ? ಅಳೆಯುವುದರಲ್ಲೇ ಆಯಸ್ಸು ಸವೆಸಿದ್ದ ಆಕ್ಸೆಲ್‌ರಾಡ್ ಅದನ್ನು ಅಳೆಯುವ ವಿಧಾನ ರೂಪಿಸಿದ. ಅಸೆಟನಿಲೈಡ್ ನುಂಗಿದವರ ರಕ್ತದಲ್ಲಿ ಅನಿಲಿನ್ ಇತ್ತು. ಅದು ಹೆಚ್ಚಿದಂತೆ ಮೆಥಿಮೋಗ್ಲೋಬಿನ್ನೂ ಹೆಚ್ಚುತ್ತಿತ್ತು.

ಕಂಪನಿಗಳು ಕೇಳಿದ್ದ ಪ್ರಶ್ನೆಗೆ ಅಲ್ಲಿಗೇ ಉತ್ತರ ಸಿಕ್ಕಿತ್ತು. ಆದರೆ ಲೆಕ್ಕ ಹೊಂದಲಿಲ್ಲ. ನುಂಗಿದ್ದರಲ್ಲಿ ಅನಿಲಿನ್ ಆಗುತ್ತಿದ್ದದ್ದು ಬಲು ಸ್ವಲ್ಪ, ಮೂತ್ರದಲ್ಲಿ ಇದ್ದಂತೆಯೇ ಹೊರಬೀಳುತ್ತಿದ್ದ ಅಸೆಟನಿಲೈಡೂ ಬಲು ಸ್ವಲ್ಪ. ಉಳಿದದ್ದೆಲ್ಲಿ? ಒಳ್ಳೆಯ ಶಾನುಭೋಗನ ಹಾಗೆ ಬೆನ್ನುಹತ್ತಿದ ಇಬ್ಬರಿಗೆ ಅದು ಬೇರೆ ವೇಷದಲ್ಲಿ ಸಿಕ್ಕಿತು. ಉಂಗುರದ ಬಾಲ ಹಾಗೇ ಇದೆ; ಅದಕ್ಕೆ ನೇರ ಎದುರಿನ ಮೂಲೆಯಲ್ಲಿ ಒಂದು ಆಮ್ಲಜನಕ ಬಂದು ಕೂತಿದೆ. ಮೆರಿಂಗ್ ಮೂಲೆಗೆ ತಳ್ಳಿದ್ದ ಪ್ಯಾರಾಸಿಟಮಾಲ್! ಮೂತ್ರದಲ್ಲಿ ಅದರ ಸುಳಿವನ್ನು 19ನೇ ಶತಮಾನದ ಕೊನೆಯಲ್ಲೇ ಕೆಲವು ರಸಾಯನಜ್ಞರು ಕಂಡಿದ್ದರು. ಆದರೆ ಅದು ಅಲ್ಲಿಗೆ ಬಂದದ್ದರ ಅರ್ಥವೇನೆಂದು ಕೇಳಿದವರಿರಲಿಲ್ಲ. ಈ ಇಬ್ಬರು ಅದನ್ನೇ ಬೇರೆಯಾಗಿ ನುಂಗಿಸಿ ನೋಡಿದರು. ನೋವು ಅಷ್ಟೇ ಚೆನ್ನಾಗಿ ಇಳಿಯಿತು, ತುಟಿ ನೀಲಿಯಾಗಲಿಲ್ಲ. 60 ವರ್ಷ ಜನ ಆಂಟಿಫೆಬ್ರಿನ್ ನುಂಗಿ ಗುಣ ಕಂಡರಲ್ಲ, ಅವರ ನೋವು ಇಳಿಸುತ್ತಿದ್ದದ್ದು ಹೆಚ್ಚಾಗಿ ಅವರ ಮೈಯೇ ಮಾಡಿಕೊಂಡ ಪ್ಯಾರಾಸಿಟಮಾಲ್. ಈ ವಿಷಯದ ಪ್ರಬಂಧ 1948ರಲ್ಲಿ ಅಚ್ಚಾಯಿತು. ಅಸೆಟನಿಲೈಡ್ ಬದಲು ಇದನ್ನೇ ಕೊಡುವುದು ಮೇಲು ಎಂಬ ಸೂಚನೆಯೂ ಅದರಲ್ಲಿತ್ತು. ಫೆನಾಸೆಟಿನ್ನೂ ಮೈಯೊಳಗೆ ಇದೇ ಆಗುತ್ತದೆಂದು ಮರುವರ್ಷ ತೋರಿಸಿದರು.

ಆ ಕಾಲಕ್ಕೆ ಇದು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕೆಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಲಂಡನ್ನಿನ ಅಲೆಕ್ಸಾಂಡರ್ ಯೂರ್ ಎಂಬ ವೈದ್ಯ 1841ರಲ್ಲಿ, ಬೆಂಜೋಯಿಕ್ ಆಮ್ಲ ನುಂಗಿದರೆ ಮೂತ್ರದಲ್ಲಿ ಅದು ಹಿಪ್ಪುರಿಕ್ ಆಮ್ಲವಾಗಿ ಬರುತ್ತದೆಂದು ತೋರಿಸಿದ್ದ. ಅಂದಿನಿಂದ ನೂರು ವರ್ಷ ವಿಜ್ಞಾನಿಗಳು ಇಂಥ ಬದಲಾವಣೆಗಳ ಪಟ್ಟಿ ಬೆಳೆಸುತ್ತಲೇ ಹೋದರು. ಇಡೀ ಪಟ್ಟಿಗೆ ಅವರಿಟ್ಟ ಹೆಸರು 'ನಿರ್ವಿಷೀಕರಣ'. 1947ರಲ್ಲಿ ವೇಲ್ಸ್ ಮೂಲದ ಆರ್. ಟಿ. ವಿಲಿಯಮ್ಸ್ ಬರೆದ, ಈ ವಿದ್ಯೆಯ ಮೂಲಗ್ರಂಥವೆನಿಸಿದ ಪುಸ್ತಕದ ಶೀರ್ಷಿಕೆಯಲ್ಲೂ ಅದೇ ಪದ. ಹೊರಗಿನಿಂದ ಬಂದದ್ದೆಲ್ಲ ವಿಷ, ಮೈ ಅದನ್ನು ತೊಳೆದು ಹೊರಹಾಕುತ್ತದೆ ಎಂಬ ನಂಬಿಕೆ ಆ ಪದದೊಳಗೇ ಕೂತಿತ್ತು.

ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಔಷಧಿಗಳಲ್ಲಿ ಬಹಳಷ್ಟು ಜಿಡ್ಡಿನ ಜಾತಿಯವು. ಹಾಗಿದ್ದರೇ ಕರುಳಿನ ಗೋಡೆ ದಾಟಿ ಒಳಗೆ ಬರಲು ಸಾಧ್ಯ. ಎಣ್ಣೆ ಹಚ್ಚಿದ ತಲೆ ಬರೀ ನೀರಿಗೆ ಬಿಡುವುದುಂಟೇ? ಸೀಗೆಪುಡಿ ಬೇಕು. ಮೂತ್ರದಲ್ಲಿ ಕರಗಿ ಹೋಗಬೇಕಾದರೆ ಔಷಧಿಗೂ ನೀರಿನ ನಂಟು ಹಚ್ಚಬೇಕು. ವಿಲಿಯಮ್ಸ್ ಮುಂದೆ ವಿವರಿಸಿದಂತೆ ಇದು ಎರಡು ಹಂತದ ಕೆಲಸ. ಮೊದಲು ಅಣುವಿನ ಮೇಲೆ ಒಂದು ಆಮ್ಲಜನಕವನ್ನೋ ಇನ್ನೊಂದನ್ನೋ ಕೂರಿಸಿ ಕೊಂಡಿ ಮಾಡುವುದು. ಆಮೇಲೆ ಆ ಕೊಂಡಿಗೆ ಸಕ್ಕರೆಯ ಸಂಬಂಧಿ ಗ್ಲುಕ್ಯುರಾನಿಕ್ ಆಮ್ಲವನ್ನೋ ಸಲ್ಫೇಟನ್ನೋ ಸಿಕ್ಕಿಸಿ ಸಾಗಹಾಕುವುದು. ನಂಬಿಕೆಯ ತಪ್ಪಿದ್ದದ್ದು ಒಂದೇ ಕಡೆ. ಕೊಂಡಿ ಹಾಕುವ ಕಿಣ್ವಕ್ಕೆ ತಾನು ಮಾಡುತ್ತಿರುವುದು ಔಷಧಿಯೋ ವಿಷವೋ ಗೊತ್ತಿಲ್ಲ.

ಹಾಗಾದರೆ ಆ ಕಿಣ್ವ ಎಲ್ಲಿದೆ? ಆಕ್ಸೆಲ್‌ರಾಡ್ ಮತ್ತು ಬ್ರೋಡಿ ಇಬ್ಬರೂ ಅಷ್ಟರಲ್ಲಿ ವಾಷಿಂಗ್ಟನ್ ಬಳಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋಗಿದ್ದರು. 1953ರ ಸುಮಾರಿಗೆ ಆಕ್ಸೆಲ್‌ರಾಡ್ ಮೊಲದ ಲಿವರನ್ನು ಅರೆದು ಅದಕ್ಕೆ ಆಂಫೆಟಮಿನ್ ಬೆರೆಸಿ ನೋಡತೊಡಗಿದ. ಅರೆದದ್ದನ್ನು ಯಂತ್ರದಲ್ಲಿ ಗರಗರ ತಿರುಗಿಸಿದರೆ, ಮೊಸರು ಕಡೆದಾಗ ಬೆಣ್ಣೆ ಬೇರೆ ಮಜ್ಜಿಗೆ ಬೇರೆ ಆಗುವಂತೆ, ಕೋಶದ ಭಾಗಗಳು ತೂಕದ ಪ್ರಕಾರ ಪದರ ಪದರವಾಗಿ ಬೇರ್ಪಡುತ್ತವೆ. ಒಂದೊಂದು ಪದರಕ್ಕೂ ಆಂಫೆಟಮಿನ್ ಹಾಕಿದ. ಯಾವುದೂ ಅದನ್ನು ಮುಟ್ಟಲಿಲ್ಲ. ಮೈಕ್ರೋಸೋಮ್ ಎಂಬ ಪೊರೆಚೂರುಗಳ ಪದರವನ್ನೂ ಮೇಲಿನ ತಿಳಿಯನ್ನೂ ಕೂಡಿಸಿದಾಗ ಆಂಫೆಟಮಿನ್ ಕರಗಿ ಮಾಯವಾಯಿತು. ಪೊರೆಯಲ್ಲಿ ಕಿಣ್ವವಿತ್ತು, ಅದಕ್ಕೆ ಬೇಕಾದ ಇಂಧನವನ್ನು, ಈಗ ಎನ್‌ಎಡಿಪಿಎಚ್ ಎನ್ನುವ ಅಣುವನ್ನು, ತಿಳಿ ಒದಗಿಸುತ್ತಿತ್ತು. ಜೊತೆಗೆ ಗಾಳಿಯ ಆಮ್ಲಜನಕ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಕೆಲಸ ನಿಲ್ಲುತ್ತಿತ್ತು.

ಜಗಳವೂ ಆಯಿತು. ಇಂಥ ಕಿಣ್ವಗಳು ಇನ್ನೆಷ್ಟು ಔಷಧಿಗಳನ್ನು ಬದಲಿಸುತ್ತವೆ ನೋಡಿ ಎಂದು ಬ್ರೋಡಿ ತನ್ನ ಇಡೀ ಪ್ರಯೋಗಾಲಯವನ್ನು ಅದಕ್ಕೆ ಹಚ್ಚಿದ. 1955ರ ಸಮಗ್ರ ಲೇಖನದಲ್ಲಿ ಏಳು ಹೆಸರು, ಮೊದಲನೆಯದು ಬ್ರೋಡಿಯದು. ತಾನು ಕಂಡದ್ದು ಹಂಚಿಹೋಯಿತೆಂದು ಆಕ್ಸೆಲ್‌ರಾಡನಿಗೆ ಅನಿಸಿತು. ಪಿಎಚ್.ಡಿ. ಇಲ್ಲದವನಿಗೆ ಇಲ್ಲಿ ಇಷ್ಟೇ ಮರ್ಯಾದೆ ಎಂದು ಬಿಟ್ಟು ಹೊರಟು, ನಲವತ್ತು ದಾಟಿದ ಮೇಲೆ ಆ ಪದವಿಯನ್ನೂ ಪಡೆದ. ನರಕೋಶಗಳ ರಸಾಯನದತ್ತ ತಿರುಗಿ 1970ರಲ್ಲಿ ನೊಬೆಲ್ ಗೆದ್ದ. ಬ್ರೋಡಿಗೆ ಅದು ಬರಲೇ ಇಲ್ಲ. ಗುರು-ಶಿಷ್ಯರ ಈ ವ್ಯಾಜ್ಯದಲ್ಲಿ ನನ್ನ ಒಲವು ಶಿಷ್ಯನ ಕಡೆಗೇ. ಆದರೂ, ಆ ರಚನೆ ಬರೆದು ಯೋಚಿಸು ಎಂದ ಬಾಯಿ ಬ್ರೋಡಿಯದು ಎನ್ನುವುದನ್ನು ಮರೆಯಲಾಗದು.

ಪೊರೆಯಲ್ಲಿದ್ದ ಕಿಣ್ವದ ಗುರುತು ಸಿಕ್ಕಿದ್ದು ಇದಕ್ಕೆ ಸಂಬಂಧವೇ ಇಲ್ಲದ ಬಣ್ಣದ ಕುತೂಹಲದಿಂದ. ಫಿಲಡೆಲ್ಫಿಯಾದಲ್ಲಿದ್ದ ಮಾರ್ಟಿನ್ ಕ್ಲಿಂಗೆನ್‌ಬರ್ಗ್, ಲಿವರಿನ ಮೈಕ್ರೋಸೋಮ್‌ಗಳಿಗೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ 450 ನ್ಯಾನೋಮೀಟರ್‌ನ ಬೆಳಕನ್ನು ಅವು ಗಪ್ಪನೆ ಹೀರುವುದನ್ನು ಕಂಡು 1958ರಲ್ಲಿ ಪ್ರಕಟಿಸಿದ. ಏನೆಂದು ಅವನಿಗೂ ತಿಳಿಯಲಿಲ್ಲ. ಜಪಾನಿನ ಒಸಾಕಾದಲ್ಲಿ ತ್ಸುನೆಯೊ ಒಮುರ ಮತ್ತು ರ್ಯೊ ಸಾಟೊ ಅದನ್ನು ಹಿಡಿದು, ರಕ್ತದ ಹಿಮೋಗ್ಲೋಬಿನ್ನಿನಂತೆಯೇ ಕಬ್ಬಿಣ ಹೊತ್ತ ಪ್ರೋಟೀನ್ ಎಂದು ತೋರಿಸಿ, 1962ರಲ್ಲಿ ತಾತ್ಕಾಲಿಕವಾಗಿ ಪಿ-450 ಎಂದು ಕರೆದರು. ಪಿ ಎಂದರೆ ಪಿಗ್ಮೆಂಟ್, ವರ್ಣದ್ರವ್ಯ. ತಾತ್ಕಾಲಿಕ ಹೆಸರೇ ಖಾಯಂ ಆಯಿತು. ಇದೇ ಔಷಧಿಗಳ ಕಿಣ್ವವೆಂದು ಸಾಬೀತು ಮಾಡಿದ್ದು ರೊನಾಲ್ಡ್ ಎಸ್ಟಾಬ್ರೂಕ್, ಡೇವಿಡ್ ಕೂಪರ್, ಆಟೊ ರೋಸೆಂಥಾಲ್ ತಂಡ. ಕಾರ್ಬನ್ ಮಾನಾಕ್ಸೈಡ್ ಕೊಟ್ಟು ಕಿಣ್ವದ ಕೈ ಕಟ್ಟಿ, ಬಣ್ಣ ಬಣ್ಣದ ಬೆಳಕು ಬಿಟ್ಟು ನೋಡಿದರು. 450ರ ಬೆಳಕು ಬಿದ್ದಾಗಲೇ ಕೆಲಸ ಮತ್ತೆ ಚುರುಕಾಯಿತು. 1965ರ ಆ ಪ್ರಯೋಗಕ್ಕೆ ಅವರು ಆರಿಸಿಕೊಂಡ ಔಷಧಿಗಳಲ್ಲಿ ಒಂದು ಅಸೆಟನಿಲೈಡ್. ಆಂಟಿಫೆಬ್ರಿನ್ ನುಂಗಿದವರ ಮೈಯಲ್ಲಿ ಪ್ಯಾರಾಸಿಟಮಾಲ್ ಮಾಡುತ್ತಿದ್ದ ಕೈ ಯಾರದೆಂದು ಹೀಗೆ ಗೊತ್ತಾಯಿತು.

ಕೈ ಒಂದಲ್ಲ. ಮನುಷ್ಯನಲ್ಲಿ ಈ ಮನೆತನದ 57 ಜೀನ್‌ಗಳಿವೆಯೆಂದು ಈಗ ಎಣಿಸಿದ್ದಾರೆ. ಅವುಗಳಲ್ಲಿ ಹತ್ತಾರು ಔಷಧಿಗಳ ಗೊಡವೆಗೆ ಹೋಗುತ್ತವೆ, ಮಿಕ್ಕವಕ್ಕೆ ಹಾರ್ಮೋನು, ಕೊಬ್ಬುಗಳ ಕೆಲಸ. ಲಿವರಿಗೆ ಕನ್ನಡದಲ್ಲಿ ನಾವು ಪಿತ್ತಜನಕಾಂಗ ಎಂದು ಹೆಸರಿಟ್ಟೆವು. ಪಿತ್ತ ಹುಟ್ಟಿಸುವುದು ಅದರ ನೂರು ಕಸುಬಿನಲ್ಲಿ ಒಂದು ಅಷ್ಟೇ.

ಇತ್ತ ಪ್ಯಾರಾಸಿಟಮಾಲ್ ಅಂಗಡಿಗೆ ಬಂದಿತ್ತು. ಅಮೆರಿಕದಲ್ಲಿ 1955ರಲ್ಲಿ ಮಕ್ಕಳ ಜ್ವರಕ್ಕೆ ಟೈಲೆನಾಲ್ ಎಂಬ ಸಿರಪ್ಪಾಗಿ, ಬ್ರಿಟನ್ನಿನಲ್ಲಿ 1956ರಲ್ಲಿ ಪ್ಯಾನಡಾಲ್ ಮಾತ್ರೆಯಾಗಿ. ನಮ್ಮಲ್ಲಿ ಕ್ರೋಸಿನ್ ಆಯಿತು. ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೊ-650 ಕೊರೊನಾ ಕಾಲದಲ್ಲಿ ಮನೆಮನೆಯ ಮಾತಾಯಿತು. ಆಸ್ಪಿರಿನ್ನಿನ ಹಾಗೆ ಹೊಟ್ಟೆ ಉರಿಸುವುದಿಲ್ಲ, ಅಸೆಟನಿಲೈಡಿನ ಹಾಗೆ ತುಟಿ ನೀಲಿ ಮಾಡುವುದಿಲ್ಲ. ಇದಕ್ಕಿಂತ ಸಾಧು ಮಾತ್ರೆ ಇಲ್ಲ ಎನ್ನುವಂತಿತ್ತು.

1966ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಸ್ಕಾಟ್ಲೆಂಡಿನ ಡೇವಿಡ್ಸನ್ ಮತ್ತು ಈಸ್ಟ್‌ಹ್ಯಾಮ್ ಒಂದು ವರದಿ ಬರೆದರು. ಒಮ್ಮೆಗೇ ಮುಷ್ಟಿಗಟ್ಟಲೆ ಪ್ಯಾರಾಸಿಟಮಾಲ್ ನುಂಗಿದವರು ಲಿವರ್ ಸತ್ತು ತೀರಿಕೊಂಡಿದ್ದರು. ಈ ಸಾವಿನ ರೀತಿ ಭೀಕರ. ಮೊದಲ ದಿನ ವಾಕರಿಕೆ, ಅಷ್ಟೇ. ಎರಡನೆಯ ದಿನ ರೋಗಿ ಎದ್ದು ಕೂತು, ನನಗೇನೂ ಆಗಿಲ್ಲ ಮನೆಗೆ ಕಳಿಸಿ ಎನ್ನುತ್ತಾನೆ. ಮೂರನೆಯ, ನಾಲ್ಕನೆಯ ದಿನ ಕಣ್ಣು ಹಳದಿಯಾಗುತ್ತದೆ, ಮಾತು ತೊದಲುತ್ತದೆ. ಶವ ಕೊಯ್ದು ನೋಡಿದರೆ ಲಿವರಿನ ಪ್ರತಿ ಹೋಳಿನ ನಡುಭಾಗ ಸತ್ತಿರುತ್ತದೆ, ಅಂಚು ಬದುಕಿರುತ್ತದೆ. ಆ ನಡುಭಾಗ ಪಿ-450 ಕಿಣ್ವಗಳು ದಟ್ಟವಾಗಿರುವ ಜಾಗ.

ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೆರ್ರಿ ಮಿಚೆಲ್, ಡೇವಿಡ್ ಜಾಲೊ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ಬಿಡಿಸಿದರು. ಪಿ-450ಯನ್ನು ಹೆಚ್ಚಿಸುವ ಮದ್ದು ಮೊದಲೇ ಕೊಟ್ಟ ಇಲಿಗಳಲ್ಲಿ ಲಿವರ್ ಇನ್ನೂ ಕೆಟ್ಟದಾಗಿ ಸತ್ತಿತು. ಕಿಣ್ವವನ್ನು ತಡೆಯುವ ಮದ್ದು ಕೊಟ್ಟವು ಉಳಿದವು. ಕೊಲ್ಲುತ್ತಿದ್ದದ್ದು ಪ್ಯಾರಾಸಿಟಮಾಲ್ ಅಲ್ಲ, ಲಿವರ್ ಅದರಿಂದ ಮಾಡಿದ ವಸ್ತು. ನುಂಗಿದ ಮಾತ್ರೆಯಲ್ಲಿ ಬಹುಪಾಲು ನೇರವಾಗಿ ಗ್ಲುಕ್ಯುರಾನಿಕ್ ಆಮ್ಲಕ್ಕೋ ಸಲ್ಫೇಟಿಗೋ ಅಂಟಿಕೊಂಡು ಮೂತ್ರಕ್ಕೆ ಹೋಗುತ್ತದೆ. ಶೇಕಡ 10ರ ಒಳಗಿನ ಪಾಲು ಮಾತ್ರ ಪಿ-450ಯ ಕೈಗೆ ಬಿದ್ದು, ಎರಡು ಹೈಡ್ರೋಜನ್ ಕಳಕೊಂಡು, ಎಲೆಕ್ಟ್ರಾನಿಗಾಗಿ ಹಸಿದ ಅಣುವಾಗುತ್ತದೆ. ಈಗ ಅದಕ್ಕೆ ನಾಪ್‌ಕ್ವಿ ಎನ್ನುತ್ತಾರೆ. ಅದು ಸಿಕ್ಕಿದ ಪ್ರೋಟೀನಿಗೆಲ್ಲ ಕಚ್ಚಿಕೊಳ್ಳುವಂಥದ್ದು. ಮಾಮೂಲಿ ಒಂದೆರಡು ಮಾತ್ರೆಯಾದರೆ ಗ್ಲುಟಾಥಯೋನ್ ಎಂಬ ಗಂಧಕದ ಅಣು ಅದನ್ನು ಹುಟ್ಟಿದ ಕೂಡಲೇ ಹಿಡಿದು ಹಾಕುತ್ತದೆ. ಮುಷ್ಟಿಗಟ್ಟಲೆ ನುಂಗಿದಾಗ ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತ ಬರುತ್ತದೆ. ಸುಮಾರು ಶೇಕಡ 70ರಷ್ಟು ಖರ್ಚಾಗುವವರೆಗೆ ಇಲಿಗಳ ಲಿವರಿಗೆ ಏನೂ ಆಗಿರಲಿಲ್ಲ, ಅದು ದಾಟಿದ್ದೇ ಸಾವು ಶುರು. ದಿನವೂ ಕುಡಿಯುವವರಲ್ಲಿ ಈ ಅಣುವನ್ನು ಮಾಡುವ ಪಿ-450 ಹೆಚ್ಚಾಗಿಯೇ ಇರುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಕನ್ನಡದಲ್ಲಿ ಮದ್ದು ಎಂದರೆ ಔಷಧಿ. ಅವನಿಗೆ ಯಾರೋ ಮದ್ದು ಹಾಕಿದ್ದಾರೆ ಎಂದರೆ ವಿಷ. ಒಂದೇ ಮಾತಿಗೆ ಎರಡು ಅರ್ಥ ಕೊಟ್ಟ ಹಳಬರಿಗೆ ಮಿಚೆಲ್ ತಂಡದ 1973ರ ಪ್ರಬಂಧಮಾಲೆ ಓದಿ ಹೇಳಿದ್ದರೆ ಆಶ್ಚರ್ಯ ಪಡುತ್ತಿರಲಿಲ್ಲವೇನೋ. ಅಸೆಟನಿಲೈಡಿಗೆ ಆಮ್ಲಜನಕ ಕೂರಿಸಿ ಒಳ್ಳೆಯ ಮಾತ್ರೆ ಮಾಡಿದ ಕಿಣ್ವಗಳ ಮನೆತನವೇ, ಆ ಮಾತ್ರೆಯಿಂದ ಹೈಡ್ರೋಜನ್ ಕಿತ್ತು ವಿಷವನ್ನೂ ಮಾಡುತ್ತದೆ ಎಂಬುದು ಅದರ ಸಾರ. ಆ ಮಾಲೆಯ ಮೊದಲ ಪ್ರಬಂಧಕ್ಕೆ ಆರು ಜನ ಲೇಖಕರು. ಆರನೆಯ ಹೆಸರು ಬರ್ನಾರ್ಡ್ ಬ್ರೋಡಿ.

ಕಾರಣ ತಿಳಿದ ಮೇಲೆ ಮದ್ದಿಗೆ ಮದ್ದು ಹುಡುಕುವುದು ತಡವಾಗಲಿಲ್ಲ. ಗ್ಲುಟಾಥಯೋನ್ ನೇರವಾಗಿ ಕೊಟ್ಟರೆ ಲಿವರಿನ ಕೋಶದೊಳಗೆ ಹೋಗುವುದಿಲ್ಲ, ಅದನ್ನು ಕಟ್ಟಲು ಬೇಕಾದ ಕಚ್ಚಾಮಾಲು ಕೊಡಬೇಕು. ಎಡಿನ್‌ಬರೋದಲ್ಲಿ ಲಾರಿ ಪ್ರೆಸ್ಕಾಟ್ 1974ರಲ್ಲಿ ಸಿಸ್ಟಿಯಮೀನ್ ಕೊಟ್ಟು ನೋಡಿದ. ರೋಗಿಗಳು ಉಳಿದರು, ವಾಂತಿ ಮಾತ್ರ ವಿಪರೀತ. ಆಮೇಲೆ ಹಿಡಿದದ್ದು ಕಫ ತೆಳುವಾಗಿಸಲು ಆಸ್ಪತ್ರೆಗಳಲ್ಲಿ ಆಗಲೇ ಬಳಸುತ್ತಿದ್ದ ಅಸಿಟೈಲ್‌ಸಿಸ್ಟೀನ್. ಅದನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟ. ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಶುರು ಮಾಡಿದರೆ ಲಿವರ್ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ತಡವಾದಷ್ಟೂ ಉಳಿಯುವ ಪಾಲು ಕಡಿಮೆ.

ಆದ್ದರಿಂದಲೇ ಇಂದಿಗೂ ತುರ್ತು ಚಿಕಿತ್ಸಾ ಘಟಕದಲ್ಲಿ ಇಂಥವರು ಬಂದಾಗ ವೈದ್ಯರು ಎಷ್ಟು ನುಂಗಿದೆ ಎಂದು ಕೇಳುವುದರ ಜೊತೆಗೇ ಎಷ್ಟು ಹೊತ್ತಿಗೆ ನುಂಗಿದೆ ಎಂದು ಕೇಳುತ್ತಾರೆ. ನಾಲ್ಕು ಗಂಟೆ ಕಳೆಯುವುದನ್ನು ಕಾದು ರಕ್ತ ತೆಗೆದು, ಅದರಲ್ಲಿ ಪ್ಯಾರಾಸಿಟಮಾಲ್ ಎಷ್ಟಿದೆ ಎಂದು ಅಳೆದು, ಗ್ರಾಫಿನ ಓರೆಗೆರೆಯ ಮೇಲಿದೆಯೋ ಕೆಳಗಿದೆಯೋ ನೋಡುತ್ತಾರೆ. ಗೆರೆಯ ಮೇಲಿದ್ದರೆ ಸ್ಟ್ಯಾಂಡಿಗೆ ಬಾಟಲಿ ಏರುತ್ತದೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ; ಗಂಧಕದ್ದು.